ಪೆನ್‌ಡ್ರೈವ್ ಕೈಕೊಟ್ರೆ ಮೊದಲು ಕೈ ತೆಗೀರಿ

ಮೂಡಿಗೆರೆ ಕಡೆ ನಮ್ಮ ಮಾವಂದೊಂದು ಸಣ್ಣ ಕಾಫಿ ತೋಟ ಇದೆ, ದಿನಾ ಬೆಳಗ್ಗೆ ಎದ್ದು ಮಳೆ ಅಳೆದು ಇಂಚು ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಬರೆದಿಡೋದು ಅವರಿಗೆ ಕಾಫಿ ಕುಡಿಯೋದಕ್ಕಿಂತ ಮುಂಚಿನ ಕೆಲಸ. ಹನ್ನೊಂದು ವರ್ಷದ ಲೆಕ್ಕ, ವರ್ಷಕ್ಕೊಂದು ಎಕ್ಸೆಲ್ ಫೈಲು, ಎಲ್ಲಾ ಒಂದೇ ಪೆನ್‌ಡ್ರೈವಲ್ಲಿ. ಬೇರೆ ಕಡೆ ಕಾಪಿ? ಇಲ್ಲ. ಒಂದಿನ ಮಳೆಗಾಲದಲ್ಲಿ ಫೈಲ್ ತೆಗೆದಿರುವಾಗಲೇ ಕರೆಂಟ್ ಹೋಗಿದೆ, ಬಂದಮೇಲೆ ಡ್ರೈವ್ ಹಾಕಿದ್ರೆ ಫಾರ್ಮ್ಯಾಟ್ ಮಾಡ್ಬೇಕು, ಮಾಡ್ಲಾ ಅಂತ ವಿಂಡೋಸ್ ಕೇಳ್ತಿದೆ. ಬೇಡ ಮಾವ ಅಂತ ನಾನು ಫೋನಲ್ಲಿ ಹೇಳೋ ಹೊತ್ತಿಗೆ ಅವರು ಒತ್ತಿಯಾಗಿತ್ತು.

ಆದ್ರೂ ಹತ್ತು ಫೈಲು ವಾಪಸ್ ಬಂತು. ಹೇಗೆ ಅಂತ ಹೇಳ್ತೀನಿ, ಆದ್ರೆ ಅದಕ್ಕೂ ಮುಂಚೆ ಒಂದು ವಿಷ್ಯ. ಡಿಲೀಟ್ ಅಥವಾ ಕ್ವಿಕ್ ಫಾರ್ಮ್ಯಾಟ್ ಅಂದ್ರೆ ಪಹಣಿಯಿಂದ ಹೆಸರು ತೆಗೆದ ಹಾಗೆ, ಜಮೀನು ಎಲ್ಲೂ ಹೋಗಿರಲ್ಲ, ಗಿಡಗಳೂ ಅಲ್ಲೇ ಇರ್ತವೆ. ಆದ್ರೆ ಖಾಲಿ ಜಾಗ ಅಂದ್ಕೊಂಡು ಬೇರೆಯವನು ಬಂದು ಗಿಡ ಕಿತ್ತು ಶುಂಠಿ ಹಾಕಿದ್ರೆ ಮುಗೀತು. ನೀವು ಆ ಡ್ರೈವಿಗೆ ಹೊಸದಾಗಿ ಒಂದು ಫೋಟೋ ಕಾಪಿ ಮಾಡಿದ್ರೂ ಅದೇ ಶುಂಠಿ. ಹಾಗಾಗಿ ಕೈಕೊಟ್ಟ ತಕ್ಷಣ ಡ್ರೈವ್ ತೆಗೆದು ಪಕ್ಕಕ್ಕಿಡಿ, ಕ್ಯಾಮೆರಾದಲ್ಲಿ ಕಾರ್ಡ್ ಹೋದ್ರೆ ಇನ್ನೊಂದು ಫೋಟೋ ತೆಗೆದು ನೋಡ್ತೀನಿ ಅಂತ ಹೋಗ್ಬೇಡಿ. ಮಾವನ ಅದೃಷ್ಟ, ವಿಂಡೋಸ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಟಿಕ್ ತಾನಾಗೇ ಇರುತ್ತೆ. ಆ ಟಿಕ್ ತೆಗೆದು ಫುಲ್ ಫಾರ್ಮ್ಯಾಟ್ ಮಾಡಿದ್ದಿದ್ರೆ ಇಡೀ ಡ್ರೈವಿಗೆ ಸೊನ್ನೆ ಬರೆದುಬಿಡುತ್ತೆ, ಆಮೇಲೆ ದೇವ್ರು ಬಂದ್ರೂ ಆಗಲ್ಲ. ಇನ್ನೊಂದು, ಚೆಕ್‌ಡಿಸ್ಕ್ ಓಡಿಸಿ ಅಂತ ಯಾರಾದ್ರೂ ಸಲಹೆ ಕೊಟ್ರೆ ಈಗ್ಲೇ ಬೇಡ ಅನ್ನಿ. ಅದು ಡ್ರೈವನ್ನ ರಿಪೇರಿ ಮಾಡೋ ಸಾಧನ, ನಿಮ್ಮ ಫೈಲ್ ಉಳಿಸೋದು ಅದರ ತಲೆನೋವಲ್ಲ, ಅದು ಡ್ರೈವಿನ ಮೇಲೇ ಬರೀತಾ ಹೋಗುತ್ತೆ.

ಮೊದಲು ಸುಲಭದ್ದು ನೋಡಿ. ಬೇರೆ ಪೋರ್ಟ್, ಬೇರೆ ಕಂಪ್ಯೂಟರ್, ಬೇರೆ ಕಾರ್ಡ್ ರೀಡರ್. ಮೈಕ್ರೋ ಎಸ್‌ಡಿ ಆದ್ರೆ ಎಷ್ಟೋ ಸಲ ಹಾಳಾಗಿರೋದು ಅಡಾಪ್ಟರ್, ಕಾರ್ಡ್ ಅಲ್ಲ. ತುಂಬಾ ಹಳೇ ರೀಡರ್‌ಗಳು 32 ಜಿಬಿ ದಾಟಿದ ಕಾರ್ಡ್ ಓದಲ್ಲ, ಅದೂ ಗೊತ್ತಿರಲಿ. ನಮ್ಮ ಮಲೆನಾಡಿನ ಥಂಡಿಗೆ ಕಾರ್ಡಿನ ಪಿನ್ ಮೇಲೆ ಮಂಕು ಕೂತಿರುತ್ತೆ, ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಹತ್ತಿಗೆ ಹಾಕಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಅಕ್ಕಿ ಡಬ್ಬಿಯಲ್ಲಿ ಹೂತಿಡೋ ವೈದ್ಯ ಬೇಡ, ಧೂಳು ಹೋಗಿ ಕೂರುತ್ತೆ ಅಷ್ಟೆ.

ಆಮೇಲೆ ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೀರಿ, ನಿಮ್ಮ ರೋಗ ಯಾವ್ದು ಅಂತ ಇಲ್ಲೇ ಗೊತ್ತಾಗೋದು. ಸೈಜ್ ಸರಿಯಾಗಿ ತೋರಿಸಿ ಪಕ್ಕದಲ್ಲಿ ರಾ ಅಂತ ಬರೆದಿದ್ರೆ ಖುಷಿ ಪಡಿ, ಫೈಲ್ ಸಿಸ್ಟಮ್, ಅಂದ್ರೆ ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿ ಮಾತ್ರ ಕೆಟ್ಟಿದೆ, ಮನೇಲೇ ಆಗೋ ಕೆಲ್ಸ. ನೋ ಮೀಡಿಯಾ ಅಂದ್ರೆ, ಅಥವಾ 32 ಜಿಬಿ ಡ್ರೈವ್ ಬರೀ ಕೆಲವೇ ಎಂಬಿ ಅಂತ ತೋರಿಸಿದ್ರೆ, ಒಳಗಿನ ಕಂಟ್ರೋಲರ್ ಚಿಪ್ಪಿಗೂ ಮೆಮೊರಿ ಚಿಪ್ಪಿಗೂ ಮಾತು ಬಿಟ್ಟಿದೆ ಅಂತ, ಯಾವ ಸಾಫ್ಟ್‌ವೇರಿಂದಲೂ ಆಗಲ್ಲ. ಏನೂ ಕಾಣಿಸ್ಲೇ ಇಲ್ಲ ಅಂದ್ರೆ ಕನೆಕ್ಟರ್ ಬೆಸುಗೆ ಬಿಟ್ಟಿರಬಹುದು, ಮೊಬೈಲ್ ರಿಪೇರಿ ಚೆನ್ನಾಗಿ ಮಾಡೋರು ಮರುಬೆಸುಗೆ ಹಾಕಿ ಕೊಡ್ತಾರೆ.

ರಾ ಅಂತ ಬಂದೋರು, ಡಿಲೀಟೋ ಫಾರ್ಮ್ಯಾಟೋ ಆದೋರು ಈಗ ನೇರವಾಗಿ ರಿಕವರಿ ಸಾಫ್ಟ್‌ವೇರ್ ಹಾಕೋಕೆ ಓಡ್ತಾರೆ, ಅಲ್ಲೇ ತಪ್ಪೋದು. ಮೊದಲು ಇಡೀ ಡ್ರೈವಿನದ್ದು ಒಂದು ಇಮೇಜ್ ತೆಗೀಬೇಕು, ಅಂದ್ರೆ ಖಾಲಿ ಜಾಗ ಸಮೇತ ಇದ್ದದ್ದು ಇದ್ದ ಹಾಗೆ ಒಂದೇ ಫೈಲಾಗಿ ಹಾರ್ಡ್‌ಡಿಸ್ಕಿಗೆ ಕಾಪಿ. ಸಾಯ್ತಿರೋ ಡ್ರೈವನ್ನ ಹತ್ತು ಸಲ ಸ್ಕ್ಯಾನ್ ಮಾಡಿದ್ರೆ ಹತ್ತನೇ ಸಲಕ್ಕೆ ಅದು ಇರಲ್ಲ, ಇಮೇಜನ್ನ ನೂರು ಸಲ ಮಾಡಿ ಏನೂ ಆಗಲ್ಲ. 32 ಜಿಬಿ ಡ್ರೈವಲ್ಲಿ ಎರಡೇ ಫೋಟೋ ಇದ್ರೂ ಕಂಪ್ಯೂಟರಲ್ಲಿ 32 ಜಿಬಿ ಜಾಗ ಬೇಕು.

ವಿಂಡೋಸಲ್ಲಿ ವಿನ್32 ಡಿಸ್ಕ್ ಇಮೇಜರ್ ಅಂತ ಉಚಿತವಾಗಿ ಸಿಗುತ್ತೆ, ಇಮೇಜ್ ಫೈಲಿಗೆ ಒಂದು ಹೆಸರು ಕೊಟ್ಟು, ಡ್ರೈವ್ ಅಕ್ಷರ ಆರಿಸಿ ರೀಡ್ ಒತ್ತಿ. ರೀಡ್! ಪಕ್ಕದಲ್ಲೇ ರೈಟ್ ಇದೆ, ಅದು ಉಲ್ಟಾ ಕೆಲಸ ಮಾಡುತ್ತೆ. ಮಧ್ಯದಲ್ಲಿ ಎರರ್ ಬಂದು ನಿಂತುಬಿಟ್ರೆ ಲಿನಕ್ಸ್ ಬೇಕು, ಉಬುಂಟು ಇನ್ನೊಂದು ಪೆನ್‌ಡ್ರೈವಿಂದ ಲೈವ್ ಆಗಿ ಓಡಿಸಿದ್ರೂ ಸಾಕು. ಅದರಲ್ಲಿ ಜಿಎನ್‌ಯು ಡಿಡಿರೆಸ್ಕ್ಯೂ ಅನ್ನೋದನ್ನ ಹಾಕ್ಕೊಳ್ಳಿ. ಇದರ ಬುದ್ಧಿ ನಂಗೆ ಭಾರಿ ಇಷ್ಟ, ಓದೋಕೆ ಆಗದ ಜಾಗದಲ್ಲಿ ಹಠ ಹಿಡಿದು ಕೂರಲ್ಲ, ಹಾರಿಕೊಂಡು ಹೋಗಿ ಚೆನ್ನಾಗಿರೋದನ್ನೆಲ್ಲ ಮೊದಲು ಎತ್ಕೊಂಡು ಆಮೇಲೆ ಕೆಟ್ಟ ಜಾಗಕ್ಕೆ ವಾಪಸ್ ಬರುತ್ತೆ, ಹಣ್ಣಾದದ್ದು ಮೊದಲು ಕುಯ್ದು ಕಾಯಿಗೆ ಇನ್ನೊಂದ್ಸಲ ಬರೋ ಕಾಫಿ ಕುಯ್ಲಿನ ಹಾಗೆ. ಎಲ್ಲಿವರೆಗೆ ಓದಿದೆ ಅಂತ ಒಂದು ಮ್ಯಾಪ್ ಫೈಲಲ್ಲಿ ಬರೆದಿಟ್ಟಿರೋದ್ರಿಂದ ಮಧ್ಯ ಕರೆಂಟ್ ಹೋದ್ರೂ ನಿಂತಲ್ಲಿಂದ ಶುರು ಮಾಡಬಹುದು, ನಮ್ಮೂರಿಗೆ ಹೇಳಿ ಮಾಡಿಸಿದ್ದು. ಕಮಾಂಡಲ್ಲಿ ಮೊದಲು ಹಾಳಾದ ಡ್ರೈವಿನ ಹೆಸರು, ಆಮೇಲೆ ಇಮೇಜಿನ ಹೆಸರು, ಕೊನೆಗೆ ಮ್ಯಾಪ್ ಫೈಲು. ಯಾವ ಡ್ರೈವ್ ಯಾವ್ದು ಅಂತ ಸೈಜ್ ನೋಡಿ ಎರಡು ಸಲ ಖಾತ್ರಿ ಮಾಡ್ಕೊಳ್ಳಿ.

ಇಮೇಜ್ ಕೈಗೆ ಬಂದ್ಮೇಲೆ ಅರ್ಧ ಯುದ್ಧ ಮುಗೀತು. ಟೆಸ್ಟ್‌ಡಿಸ್ಕ್ ಮತ್ತೆ ಫೋಟೋರೆಕ್ ಅಂತ ಜೋಡಿ, ಎರಡೂ ಉಚಿತ, ಒಟ್ಟಿಗೇ ಬರ್ತವೆ. ಬರೀ ಡಿಲೀಟ್ ಆಗಿದ್ರೆ ಟೆಸ್ಟ್‌ಡಿಸ್ಕಿನ ಅನ್‌ಡಿಲೀಟ್ ಮೊದಲು ನೋಡಿ, ಫೈಲಿನ ಹೆಸರು ಸಮೇತ ಸಿಗುವ ಸಾಧ್ಯತೆ ಇದೆ. ಫಾರ್ಮ್ಯಾಟ್ ಆಗಿದ್ರೆ, ಇಲ್ಲ ರಾ ಅಂತ ಬಂದಿದ್ರೆ ಫೋಟೋರೆಕ್. ಹೆಸರಲ್ಲಿ ಫೋಟೋ ಇದ್ರೂ ಎಕ್ಸೆಲ್, ಪಿಡಿಎಫ್, ವಿಡಿಯೋ ಎಲ್ಲಾ ಹುಡುಕುತ್ತೆ. ಕಪ್ಪು ಪರದೆ ನೋಡಿ ಹೆದರೋರು ಕ್ಯೂಫೋಟೋರೆಕ್ ಓಪನ್ ಮಾಡಿ, ಮೌಸಲ್ಲೇ ಎಲ್ಲಾ ಆಗುತ್ತೆ. ರಾ ಡಿಸ್ಕ್ ಇಮೇಜ್ ಸೇರಿಸೋ ಆಯ್ಕೆಯಲ್ಲಿ ನಿಮ್ಮ ಇಮೇಜ್ ತೋರಿಸಿ, ಖಾಲಿ ಜಾಗ ಮಾತ್ರ ಅನ್ನೋದು ಬಿಟ್ಟು ಪೂರ್ತಿ ಹುಡುಕು ಅನ್ನೋದನ್ನ ಒತ್ತಿ, ಬೇಕಾದ ಫೈಲ್ ನಮೂನೆ ಮಾತ್ರ ಟಿಕ್ ಮಾಡಿ, ಸಿಕ್ಕಿದ್ದನ್ನ ಹಾರ್ಡ್‌ಡಿಸ್ಕಿನ ಹೊಸ ಫೋಲ್ಡರಿಗೆ ಹಾಕಿಸಿ.

ಇದು ಫೈಲ್‌ಗಳ ಪಟ್ಟಿ ನೋಡಲ್ಲ, ಒಂದೊಂದು ಜಾತಿ ಫೈಲಿನ ಶುರುವಿನ ಗುರುತು ಹಿಡಿದು ಹುಡುಕೋದು. ಹಾಗಾಗಿ ಹೆಸರುಗಳು ಹೋಗಿರ್ತವೆ, ಎಫ್ ಮುಂದೆ ಉದ್ದ ನಂಬರ್ ಇರೋ ಫೈಲ್‌ಗಳ ರಾಶಿ ಸಿಗುತ್ತೆ, ಒಂದೊಂದೇ ತೆಗೆದು ನೋಡ್ಬೇಕು. ದೊಡ್ಡ ವಿಡಿಯೋಗಳು ಡ್ರೈವಲ್ಲಿ ತುಂಡು ತುಂಡಾಗಿ ಕೂತಿದ್ರೆ ಅರ್ಧ ಬಂದು ಓಡದೇ ಇರಬಹುದು. ಫೋಟೋಗೆ ಅಷ್ಟು ಕಷ್ಟ ಇಲ್ಲ.

ಮೊಬೈಲಿನೊಳಗಿದ್ದ ಕಾರ್ಡ್ ಆದ್ರೆ ಒಂದು ನೆನಪು ಮಾಡ್ಕೊಳ್ಳಿ, ಹಾಕುವಾಗ ಇಂಟರ್ನಲ್ ಸ್ಟೋರೇಜ್ ಅಂತ ಫಾರ್ಮ್ಯಾಟ್ ಮಾಡಿದ್ರಾ? ಆಂಡ್ರಾಯ್ಡ್ 6ರಿಂದ ಈ ಆಯ್ಕೆ ಬಂದಿದೆ, ಮಾಡಿದ್ರೆ ಕಾರ್ಡ್ ಪೂರ್ತಿ ಎನ್‌ಕ್ರಿಪ್ಟ್, ಬೀಗದ ಕೈ ಆ ಫೋನಲ್ಲೇ ಇರೋದು, ಫೋನ್ ರೀಸೆಟ್ ಮಾಡಿದ್ರೆ ಕೀನೂ ಹೋಯ್ತು.

ಕಂಟ್ರೋಲರ್ರೇ ಸತ್ತಿದ್ರೆ ಡೇಟಾ ರಿಕವರಿ ಲ್ಯಾಬಿಗೇ ಹೋಗ್ಬೇಕು. ಹಳೇ ಪೆನ್‌ಡ್ರೈವ್ ಆದ್ರೆ ಮೆಮೊರಿ ಚಿಪ್ ಬಿಚ್ಚಿ ಓದ್ತಾರೆ, ಮೈಕ್ರೋ ಎಸ್‌ಡಿಯಲ್ಲಿ ಎಲ್ಲಾ ಸೇರಿ ಒಂದೇ ತುಂಡು, ಮೇಲಿನ ಪದರ ಕೆರೆದು ಕೂದಲೆಳೆಯಂಥ ತಂತಿ ಬೆಸೆದು ಓದ್ಬೇಕು, ಖರ್ಚು ಜಾಸ್ತಿ. ಕೊಡೋ ಮುಂಚೆ ಡೇಟಾ ಬರದಿದ್ರೆ ದುಡ್ಡು ಎಷ್ಟು ಅಂತ ಕೇಳಿ ಬರೆಸ್ಕೊಳ್ಳಿ. ನನ್ನ ಒಂದು ಕಾರ್ಡನ್ನ ಒಂದು ಅಂಗಡಿಯವ್ರು ನೋಡ್ತೀನಿ ಅಂತ ತಗೊಂಡು ಫಾರ್ಮ್ಯಾಟ್ ಮಾಡಿ, ಈಗ ಸರಿಯಾಯ್ತು ಸಾರ್ ಅಂತ ನಗ್ತಾ ಕೊಟ್ಟಿದ್ರು.

ಮಾವನ ಫೈಲ್‌ಗಳಲ್ಲಿ 2019ರದ್ದು ಬಂತು, ಅದೇ ಅವರಿಗೆ ಮುಖ್ಯ ಆಗಿದ್ದು, ಆ ಆಗಸ್ಟಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದ ಮಳೆಯದ್ದು. 2014ರದ್ದು ಮಾತ್ರ ತೆರೀಲೇ ಇಲ್ಲ. ಪಕ್ಕದ ತೋಟದವ್ರ ಹತ್ರ ರಿಜಿಸ್ಟರ್ ಇದೆಯಲ್ಲ, ಅದರಿಂದ ಬರ್ಕೊಳ್ಳಿ ಅಂದೆ. ಅವರ ತೋಟದ ಮಳೆ ನಮ್ಮ ತೋಟದ ಮಳೆ ಒಂದೇನಾ ಮಾರಾಯ ಅಂದ್ರು, ಆ ವರ್ಷ ಇನ್ನೂ ಖಾಲಿ ಇದೆ.