ಒಂದೇ ಸಲ ಬೇಡ ಅನ್ನಿ: ಬ್ರಿಟನ್ನಿನ ಆಫೀಸ್ ಪಾರ್ಟಿಗೆ ಹೋಗುವ ಮಲೆನಾಡಿನವರಿಗೆ

ಡಿಸೆಂಬರ್‌ನಲ್ಲಿ ರಜೆ ಹಾಕಿ ಬ್ರಿಟನ್ನಿನಿಂದ ತೀರ್ಥಹಳ್ಳಿಗೆ ಬಂದರೆ ಅಡಿಕೆ ಕೆಲಸ ತಪ್ಪಿದ್ದಲ್ಲ. ಮೊನ್ನೆ ಸಂಜೆ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತಿದ್ದೆ. ಆಚೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಪಕ್ಕದ ಮನೆಯ ಹುಡುಗಿ ಬಂದು ಕೂತಳು. ಜನವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಕೆಲಸಕ್ಕೆ ಹೊರಟಿದ್ದಾಳೆ. ವೀಸಾ, ಬಾಡಿಗೆ ಮನೆ ಎಲ್ಲ ಮಾತಾಡಿ ಮುಗಿದ ಮೇಲೆ ಮೆಲ್ಲಗೆ ಕೇಳಿದಳು: "ಚಿಕ್ಕಪ್ಪ, ಆಫೀಸಿನ ಕ್ರಿಸ್‌ಮಸ್ ಪಾರ್ಟಿಗೆ ಹೋಗಲೇಬೇಕಾ? ನಾನು ಕುಡಿಯಲ್ಲ, ಮಾಂಸ ತಿನ್ನಲ್ಲ."

"ಕಡ್ಡಾಯ ಏನಿಲ್ಲ. ಆದ್ರೂ ಹೋಗು ಮಾರಾಯ್ತಿ, ಎರಡು ಗಂಟೆ ಇದ್ದು ಬಾ," ಅಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಊಟಕ್ಕೆ ಕೂತವರು ಮೊದಲ ಸಲ "ಬೇಡ" ಅನ್ನುವುದು ಮರ್ಯಾದೆ. ಬಡಿಸುವವರು ಬಿಡದೆ ಒತ್ತಾಯ ಮಾಡುವುದು ಇನ್ನೂ ದೊಡ್ಡ ಮರ್ಯಾದೆ. ಎಲೆಗೆ ಕೈ ಅಡ್ಡ ಹಿಡಿದರೂ ಬೆರಳಿನ ಸಂದಿಯಲ್ಲೇ ಹೋಳಿಗೆ ಬಿದ್ದಿರುತ್ತದೆ. ಇದೇ ಅಭ್ಯಾಸ ಇಟ್ಟುಕೊಂಡು ನಾನು ನನ್ನ ಮೊದಲ ಕ್ರಿಸ್‌ಮಸ್ ಪಾರ್ಟಿಗೆ ಹೋದೆ. ಹುರಿದ ಆಲೂಗೆಡ್ಡೆಯ ತಟ್ಟೆ ಬಂತು. "ಇನ್ನೂ ಸ್ವಲ್ಪ?" ಅಂದರು. ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ನಗುತ್ತಾ ಬೇಡ ಅಂದೆ. ತಟ್ಟೆ ಮುಂದಕ್ಕೆ ಹೋಯಿತು. ವಾಪಸ್ ಬರಲೇ ಇಲ್ಲ. ಆ ರಾತ್ರಿ ಹನ್ನೊಂದಕ್ಕೆ ರೂಮಿಗೆ ಬಂದು ಅವಲಕ್ಕಿ ಕಲಸಿಕೊಂಡು ತಿಂದೆ.

ಅಲ್ಲಿ ಬೇಡ ಅಂದರೆ ಬೇಡ, ಅಷ್ಟೇ. ಬೇಕಿದ್ದರೆ ಮೊದಲ ಸಲಕ್ಕೇ ಹೂಂ ಅನ್ನಿ. ನೀವೂ ಯಾರಿಗೂ ಎರಡನೇ ಸಲ ಒತ್ತಾಯ ಮಾಡಬೇಡಿ. ತಿಂಡಿಗೂ ಇದೇ, ಕುಡಿಯುವುದಕ್ಕೂ ಇದೇ, ಕುಣಿಯಲು ಕರೆಯುವುದಕ್ಕೂ ಇದೇ.

ಊಟದ ವಿಷಯ ನವೆಂಬರ್‌ನಲ್ಲೇ ಶುರುವಾಗುತ್ತದೆ. ಹೋಟೆಲಿನ ಮೆನು ಫಾರ್ಮ್ ಮೇಲ್‌ನಲ್ಲಿ ಬರುತ್ತದೆ. ಸ್ಟಾರ್ಟರ್, ಮೇನ್, ಸಿಹಿ ಎಲ್ಲ ಆಗಲೇ ಆರಿಸಿ ಕಳಿಸಬೇಕು. ಸುಮ್ನೆ ಬಿಟ್ಟರೆ ನಿಮ್ಮ ಮುಂದೆ ಟರ್ಕಿ ಕೋಳಿ ಬಂದು ಕೂರಬಹುದು. ಅಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆ ಇರಬಹುದು. ಮೊಟ್ಟೆಯೂ ಬೇಡ ಅನ್ನುವವರು ವೀಗನ್ ಅಂತ ಗುರುತು ಹಾಕಿ. ಅದರಲ್ಲಿ ಹಾಲು, ಬೆಣ್ಣೆಯೂ ಇರಲ್ಲ, ಒಂದು ಹೊತ್ತು ಸಹಿಸಿಕೊಳ್ಳಿ. ಮಿನ್ಸ್ ಪೈ ನೋಡಲು ಪುಟ್ಟ ಕಜ್ಜಾಯದ ಹಾಗೆ. ಒಳಗಿರುವುದು ಒಣದ್ರಾಕ್ಷಿ, ಸೇಬು, ಮಸಾಲೆ. ಆದರೆ ಹಳೇ ಪದ್ಧತಿಯಲ್ಲಿ ಮಾಡಿದರೆ ಅದಕ್ಕೆ ಸೂಯೆಟ್ ಅಂತ ದನದ ಕೊಬ್ಬು ಬೀಳುತ್ತದೆ. ಕ್ರಿಸ್‌ಮಸ್ ಪುಡ್ಡಿಂಗ್‌ಗೂ ಅಷ್ಟೇ, ಜೊತೆಗೆ ಬ್ರಾಂಡಿ. ಎಣ್ಣೆಯಿಂದ ಮಾಡಿದ ವೆಜಿಟೇಬಲ್ ಸೂಯೆಟ್‌ನವೂ ಸಿಗುತ್ತವೆ. ಪೆಟ್ಟಿಗೆ ಓದಿ, ಇಲ್ಲಾಂದ್ರೆ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಈ ಪಾರ್ಟಿಗೆ ಎಲ್ಲರನ್ನೂ ಯಾಕೆ ಕರೆಯುತ್ತಾರೆ ಗೊತ್ತಾ? ಪ್ರೀತಿ ಇರಬಹುದು, ಇಲ್ಲ ಅನ್ನಲ್ಲ. ಆದರೆ ತೆರಿಗೆಯ ಲೆಕ್ಕವೂ ಇದೆ. ವರ್ಷಕ್ಕೆ ತಲಾ 150 ಪೌಂಡ್‌ವರೆಗಿನ ವಾರ್ಷಿಕ ಪಾರ್ಟಿಗೆ ತೆರಿಗೆ ಇಲ್ಲ. ಷರತ್ತು ಏನೆಂದರೆ ಅದು ಎಲ್ಲ ನೌಕರರಿಗೂ ತೆರೆದಿರಬೇಕು. ಒಂದೇ ಪಾರ್ಟಿಗೆ ತಲಾ ಖರ್ಚು 151 ಆದರೆ ಪೂರ್ತಿ ಮೊತ್ತಕ್ಕೂ ತೆರಿಗೆ ಬೀಳುತ್ತದೆ. ಗಂಡನನ್ನೋ ಹೆಂಡತಿಯನ್ನೋ ಕರೆದುಕೊಂಡು ಹೋಗಬಹುದಾ ಅಂತ ಮೊದಲೇ ಕೇಳಿಕೊಳ್ಳಿ. ಮದುವೆ ಮನೆಯ ಹಾಗೆ "ಎಲ್ಲರೂ ಬನ್ನಿ" ಅಂತ ಅಲ್ಲಿ ಇಲ್ಲ.

ಕುಡಿಯದವರ ಭಯ ಜಾಸ್ತಿ. ನಿಜ ಹೇಳಬೇಕೆಂದರೆ, ಕೈಯಲ್ಲಿ ಒಂದು ಗ್ಲಾಸ್ ಇದ್ದರೆ ಒಳಗೇನಿದೆ ಅಂತ ಯಾರೂ ನೋಡಲ್ಲ. ಲೈಮ್ ಅಂಡ್ ಸೋಡಾ ಕೇಳಿ. ಯಾಕೆ ಕುಡಿಯಲ್ಲ ಅನ್ನುವುದಕ್ಕೆ ಜಾತಿ, ಮಡಿ, ಅಜ್ಜಿಯ ಆಣೆ ಎಲ್ಲ ಬಿಚ್ಚಿಡಬೇಡಿ. "ನಾನು ಕುಡಿಯಲ್ಲ" ಅಂದರೆ ಮುಗಿಯಿತು. ಎಡವುವುದು ಬೇರೆ ಕಡೆ. ಕಂಪನಿಯ ದುಡ್ಡು ಮುಗಿದ ಮೇಲೆ ಪಬ್‌ನಲ್ಲಿ ರೌಂಡ್ ಶುರುವಾಗುತ್ತದೆ. ಒಬ್ಬರು ಐದು ಜನರಿಗೆ ಕೊಡಿಸುತ್ತಾರೆ, ಮುಂದಿನ ಸರದಿ ಇನ್ನೊಬ್ಬರದು. ನಾಲ್ಕು ಸಲ ಕೊಡಿಸಿಕೊಂಡು ಐದನೇ ಸಲ ಕೋಟು ಹಾಕಿಕೊಂಡು ಹೊರಟರೆ ಯಾರೂ ಮುಖಕ್ಕೆ ಹೇಳಲ್ಲ, ಆದರೆ ಮರೆಯುವುದೂ ಇಲ್ಲ. ಬೇಗ ಹೋಗುವವರು ಶುರುವಿನಲ್ಲೇ "ನನ್ನದು ನಾನೇ ತಗೊಳ್ತೀನಿ" ಅಂದುಬಿಡಿ.

ಕುಡಿಯುವವರಿಗೆ ಬೇರೆ ಮಾತು. ಜಾಗ ಹೋಟೆಲೇ ಆಗಿರಲಿ, ಪಬ್ಬೇ ಆಗಿರಲಿ, ಅದು ಆಫೀಸೇ. 2011ರ ಡಿಸೆಂಬರ್‌ನಲ್ಲಿ ನಾರ್ಥಾಂಪ್ಟನ್‌ನ ಒಂದು ಕಂಪನಿಯ ಪಾರ್ಟಿ ಮುಗಿದು ಕೆಲವರು ಹೋಟೆಲಿಗೆ ಹೋಗಿ ಕುಡಿಯುತ್ತಾ ಕೂತಿದ್ದರು. ಮಾತಿಗೆ ಮಾತು ಬೆಳೆದು ಮ್ಯಾನೇಜಿಂಗ್ ಡೈರೆಕ್ಟರ್ ಒಬ್ಬ ನೌಕರನಿಗೆ ಗುದ್ದಿದ. ಬಿದ್ದವನ ಮಿದುಳಿಗೆ ಪೆಟ್ಟಾಯಿತು. ಪಾರ್ಟಿ ಮುಗಿದಿತ್ತಲ್ಲ ಅಂತ ಕಂಪನಿ ವಾದಿಸಿತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯೇ ಹೊಣೆ ಅಂತ ತೀರ್ಪು ಕೊಟ್ಟಿತು. 2024ರ ಅಕ್ಟೋಬರ್ 26ರಿಂದ ಇನ್ನೊಂದು ಕಾನೂನೂ ಬಂದಿದೆ. ಲೈಂಗಿಕ ಕಿರುಕುಳ ಆಗದ ಹಾಗೆ ಕಂಪನಿ ಮೊದಲೇ ಎಚ್ಚರ ವಹಿಸಬೇಕು. ಇಲ್ಲದಿದ್ದರೆ ಪರಿಹಾರದ ಮೊತ್ತವನ್ನು ಶೇಕಡಾ 25ರವರೆಗೆ ಏರಿಸಬಹುದು. ಪಾರ್ಟಿಗೆ ಮುಂಚೆ ಎಚ್‌ಆರ್‌ನಿಂದ, ಅಂದರೆ ಸಿಬ್ಬಂದಿ ವಿಭಾಗದಿಂದ, ಉದ್ದದ ಮೇಲ್ ಬರುವುದು ಇದಕ್ಕೇ. ಓದದೆ ಅಳಿಸಬೇಡಿ. ಸಹೋದ್ಯೋಗಿಯ ಬಟ್ಟೆ, ಮೈಕಟ್ಟಿನ ಬಗ್ಗೆ ತಮಾಷೆ ಬೇಡ. ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ಬೇಡ. ಫೋಟೋವನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಕೇಳದೆ ಬೇಡವೇ ಬೇಡ. ನಿಮಗೇ ಯಾರಾದರೂ ಹೀಗೆ ಮಾಡಿದರೆ ಪಾರ್ಟಿ ಅಂತ ನುಂಗಿಕೊಳ್ಳಬೇಡಿ. ಬರೆದಿಟ್ಟುಕೊಂಡು ಎಚ್‌ಆರ್‌ಗೆ ಹೇಳಿ.

ಕಾರು ಮನೆಯಲ್ಲೇ ಇರಲಿ. ಇಂಗ್ಲೆಂಡಿನಲ್ಲಿ ಗಾಡಿ ಓಡಿಸುವವರಿಗೆ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಆಲ್ಕೋಹಾಲ್ ಮಿತಿ, ಸ್ಕಾಟ್‌ಲೆಂಡಿನಲ್ಲಿ 50. ಎಷ್ಟು ಗ್ಲಾಸಿಗೆ ಎಷ್ಟು ಅಂತ ಲೆಕ್ಕ ಹಿಡಿಯಲು ಆಗಲ್ಲ. ಬೆಳಿಗ್ಗೆ ಎದ್ದ ಮೇಲೂ ಮಿತಿ ಮೀರಿರಬಹುದು.

ಇಷ್ಟು ಕೇಳಿ ಹುಡುಗಿಯ ಮುಖ ಸಪ್ಪೆಯಾಯಿತು. ಆಗ ಕ್ರ್ಯಾಕರ್ ವಿಷಯ ಹೇಳಿದೆ. ಪಟಾಕಿ ಅಲ್ಲ. ಬಣ್ಣದ ಕಾಗದ ಸುತ್ತಿದ ಕೊಳವೆ. ಒಂದು ತುದಿ ನೀವು ಹಿಡಿಯಬೇಕು, ಇನ್ನೊಂದು ಪಕ್ಕದವರು. ಎಳೆದರೆ ಚಟ್ ಅನ್ನುತ್ತದೆ. ಒಳಗೆ ಒಂದು ತೆಳ್ಳನೆಯ ಕಾಗದದ ಕಿರೀಟ, ಚೂರುಪಾರು ಆಟಿಕೆ, ನಗುವೇ ಬರದ ಒಂದು ಜೋಕು. ಕಿರೀಟ ಹಾಕಿಕೊಳ್ಳಿ. ನಮ್ಮ ಡೈರೆಕ್ಟರ್ ನೇರಳೆ ಕಿರೀಟ ಕಿವಿಯವರೆಗೆ ಇಳಿಸಿಕೊಂಡು ಆ ಜೋಕು ಓದಿದ್ದರು. ನಾನು ಹರಿಯುತ್ತೆ ಅಂತ ನನ್ನದನ್ನು ಮಡಚಿ ಜೇಬಿಗೆ ಹಾಕಿಕೊಂಡಿದ್ದೆ. ಇಡೀ ಮೇಜಿನಲ್ಲಿ ಬರಿತಲೆ ನನ್ನದೊಂದೇ.

ಸೀಕ್ರೆಟ್ ಸಾಂಟಾ ಅಂದರೆ ಚೀಟಿಯಲ್ಲಿ ಹೆಸರು ಬಂದವರಿಗೆ ಗುಟ್ಟಾಗಿ ಕೊಡುವ ಉಡುಗೊರೆ. ಅದಕ್ಕೆ ಹೇಳಿದ ಮಿತಿ ದಾಟಬೇಡಿ. ಐದು ಪೌಂಡ್ ಅಂದರೆ ಐದೇ. ಗಂಧದ ಗಣಪತಿ ಕೊಟ್ಟು ಅವರನ್ನು ಮುಜುಗರಕ್ಕೆ ತಳ್ಳಬೇಡಿ. ಹೊರಡುವಾಗ ಮೂವತ್ತು ಜನರಿಗೂ "ಹೋಗ್ಬರ್ತೀನಿ" ಹೇಳುವ ಕಷ್ಟ ಬೇಡ. ಮ್ಯಾನೇಜರ್‌ಗೂ ಪಾರ್ಟಿ ಏರ್ಪಾಡು ಮಾಡಿದವರಿಗೂ ಹೇಳಿದರೆ ಸಾಕು. ಸೋಮವಾರ ಅವರಿಗೆ ಎರಡು ಸಾಲಿನ ಥ್ಯಾಂಕ್ಸ್ ಕಳಿಸಿ. ಯಾರು ಕುಡಿದು ಏನು ಅಂದರು ಅನ್ನುವುದು ಮಾತ್ರ ಆ ಮೇಲ್‌ನಲ್ಲೂ ಬೇಡ, ಕಾಫಿ ಮಷೀನಿನ ಹತ್ತಿರವೂ ಬೇಡ.

"ಇನ್ನೇನು, ನನಗೆ ಮುಂದಿನ ಡಿಸೆಂಬರ್‌ವರೆಗೆ ಟೈಮ್ ಇದೆಯಲ್ಲ," ಅಂದಳು. ಇಲ್ಲ ಮಾರಾಯ್ತಿ. ಡಿಸೆಂಬರ್‌ನಲ್ಲಿ ಹೋಟೆಲ್‌ಗಳು ತುಂಬಿರುತ್ತವೆ, ದುಬಾರಿ ಬೇರೆ. ಕೆಲವು ಕಂಪನಿಗಳು ಪಾರ್ಟಿಯನ್ನು ಜನವರಿಗೆ ತಳ್ಳುತ್ತವೆ. ನೀನು ಅಲ್ಲಿಗೆ ಹೋದ ಮೊದಲ ವಾರದಲ್ಲೇ ಮೇಲ್ ಬಂದರೂ ಬಂತು. ಒಂದು ದಪ್ಪ ಕೋಟು ಈಗಲೇ ತಗೊಂಡಿಡು.