ಬೆನ್ನಿನಿಂದ ಕೊರೆದ ಬೇವು: ನನ್ನ ಅನುಭವ

ಹಸಿ ಬೇವಿನ ದಿಮ್ಮಿಯಲ್ಲಿ ಆಳೆತ್ತರದ ಶಿಲ್ಪ ಮಾಡಿದರೆ ಸೀಳದೆ ಉಳಿಯಲ್ಲ ಅಂತ ಬಾಗಲಕೋಟೆಯಲ್ಲಿ ಎಲ್ಲರೂ ಹೇಳಿದರು. ಕಟ್ಟಿಗೆ ಅಡ್ಡೆಯವರು, ಬಾಗಿಲು ಕೆತ್ತುವ ಬಡಿಗೇರರು, ಜೊತೆಗೆ ಓದಿದ ಶಿಲ್ಪಿಗಳು, ಎಲ್ಲರದ್ದೂ ಒಂದೇ ಮಾತು. ನನ್ನ ನಾಲ್ಕೈದು ಶಿಲ್ಪ ಈಗ ಇಲ್ಲಿನ ಬೇಸಿಗೆ ದಾಟಿ ನಿಂತಿವೆ. ಒಂದರಲ್ಲೂ ಕೂದಲೆಳೆಯಷ್ಟು ಬಿರುಕಿಲ್ಲ.

ತೇಗ ನನ್ನ ಕೈಗೆ ಎಟುಕದ ಮರ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಓಣಿಗಳು ಹೋದಾಗ ಮನೆಗಳ ಕಂಬ, ತೊಲೆ ಮಾರಾಟಕ್ಕೆ ಬಂದಿದ್ದವು. ಚೆನ್ನಾಗಿ ಒಣಗಿದ ಮಾಲು, ಆದರೆ ದಪ್ಪ ಒಂದು ಗೇಣು. ಅದರಲ್ಲಿ ಮುಖ ಬರುತ್ತದೆ, ಮೈ ಬರಲ್ಲ. ಹಸಿ ಬೇವು ಟನ್ನಿಗೆ 5–6 ಸಾವಿರಕ್ಕೆ ಸಿಕ್ಕಿತು. ಹಾಗಾಗಿ ಬೇವನ್ನೇ ಹಿಡಿದೆ.

ಸೀಳು ತಡೆಯಲು ಮೊದಲು ದಿಮ್ಮಿಯ ತುದಿಗೆ ಸಗಣಿ ಬಳಿದೆ, ಮೇಣ ಹಚ್ಚಿದೆ, ಜೋಳದ ಹೊಟ್ಟಿನಲ್ಲಿ ಹೂತಿಟ್ಟೆ. ಬಾವಿ ನೀರಲ್ಲಿ ಮುಳುಗಿಸಿದಾಗ ಹುಳದ ಕಾಟ ತಗ್ಗಿತು, ಸೀಳು ತಗ್ಗಲಿಲ್ಲ. 9–10 ಸಾವಿರ ಕೊಟ್ಟು ಪಿಇಜಿ (ಹಸಿ ಮರ ಕುಗ್ಗದಂತೆ ತಡೆಯುವ ಮೇಣದಂಥ ರಾಸಾಯನಿಕ) ತರಿಸಿದೆ. ಮೇಲ್ಮೈ ಅಂಟಂಟಾಗಿ ಎಣ್ಣೆಯೇ ಹಿಡಿಯಲಿಲ್ಲ. ಬಿರುಕಿಗೆ ಅರಗು ತುಂಬಿ ಹಿತ್ತಾಳೆ ಪುಡಿ ಉಜ್ಜಿಯೂ ನೋಡಿದೆ. ಚೆಂದ ಕಂಡಿತು, ಆದರೆ ಸೂತಕದ ಮನೆಯಲ್ಲಿ ಜರಿ ಸೀರೆ ಉಟ್ಟ ಹಾಗಿತ್ತು. ಬಿಟ್ಟೆ. ಬೆಂಗಳೂರಿನ ಒಂದು ಗ್ಯಾಲರಿಗೆ ಕಳಿಸಿದ ಶಿಲ್ಪ ಎಸಿಯಲ್ಲಿ ಹಣೆಯಿಂದ ಎದೆವರೆಗೆ ಸೀಳಿ ವಾಪಸ್ ಬಂತು. ಹೋಗಿ ಬರುವ ಸಾಗಾಣಿಕೆ 14 ಸಾವಿರ, ಅದೂ ನನ್ನ ತಲೆಗೇ.

ದಾರಿ ತೋರಿಸಿದ್ದು ನಾನು ಮಾಡಹೊರಟ ವಿಷಯವೇ. ನುಂಗಿಕೊಂಡ ಸಿಟ್ಟು, ತಡೆದ ಅಳು. ಇವು ಇರುವುದು ಮುಖದ ಮೇಲಲ್ಲ, ಗಂಟಲಲ್ಲಿ, ಎದೆಯೊಳಗೆ. ಉಳಿ ಹೋಗಬೇಕಾದ್ದೂ ಅಲ್ಲಿಗೇ ಅಲ್ವಾ? ಬೆನ್ನು ತೆರೆದು ನಡುವಿನ ತಿರುಳನ್ನು ಪೂರ್ತಿ ತೆಗೆದೆ. ತಿರುಳು ಹೋದ ಮೇಲೆ ಮರ ಒಣಗಿ ಕುಗ್ಗಿದರೂ ಬೆನ್ನಿನ ಕಂಡಿ ಸರಿದು ಜಾಗ ಕೊಡುತ್ತದೆ, ಎದೆ ಸೀಳುವುದಿಲ್ಲ. ಜರ್ಮನಿಯ ಶಿಲ್ಪಿ ರೀಮೆನ್‌ಶ್ನೈಡರ್ 500 ವರ್ಷದ ಹಿಂದೆಯೇ ಲಿಂಡೆನ್ ಮರದ ಮೂರ್ತಿಗಳ ಬೆನ್ನು ಟೊಳ್ಳು ಮಾಡುತ್ತಿದ್ದ. ಅವನ ಮೂರ್ತಿಗಳ ಬೆನ್ನು ಗೋಡೆಗೆ ಮರೆಯಾಗುತ್ತಿತ್ತು. ನನ್ನದರಲ್ಲಿ ನೋಡಬೇಕಾದ್ದೇ ಬೆನ್ನು.

ಮಿರಗದ (ಮೃಗಶಿರಾ) ಮಳೆ ಬಿದ್ದ ಮೇಲೇ ದಿಮ್ಮಿ ತರುತ್ತೇನೆ. ಚೈನ್ ಸಾದಿಂದ ಕಂಡಿ, ಬಾಚಿಯಿಂದ ಒರಟು ಕೆಲಸ, ಆಮೇಲೆ ಉದ್ದ ಹಿಡಿಯ ಗೌಜ್, ಅಂದರೆ ಬಾಯಿ ಬಾಗಿದ ಉಳಿ. ಟೊಳ್ಳಿನ ಸುತ್ತ ಉಳಿಯುವ ಮರದ ಗೋಡೆ ಎಲ್ಲ ಕಡೆ ಎರಡು ಬೆರಳು ದಪ್ಪ ಇರಲೇಬೇಕು. ಒಂದು ಕಡೆ ದಪ್ಪ ಉಳಿದರೂ ಸೀಳು ಶುರುವಾಗುವುದು ಅಲ್ಲಿಂದಲೇ. ಬೆರಳಿಂದ ತಟ್ಟಿದರೆ ದಪ್ಪ ಇದ್ದಲ್ಲಿ ಸದ್ದು ಮಂಕು. ರಾತ್ರಿ ಹಸಿ ಗೋಣಿ ಹೊದಿಸುತ್ತೇನೆ. ವಾರಕ್ಕೊಮ್ಮೆ ಗಿರಣಿಯ ತಕ್ಕಡಿಯಲ್ಲಿ ತೂಗುತ್ತೇನೆ. ಒಂದು ಶಿಲ್ಪ 42 ಕೆಜಿ ಇದ್ದದ್ದು ಒಣಗುತ್ತ ದೀಪಾವಳಿ ಹೊತ್ತಿಗೆ 27ಕ್ಕೆ ಬಂದು ನಿಂತಿತು. ಕೊನೆಗೆ ಒಳಗೆ ಹೊಗೆ ಕೊಡುತ್ತೇನೆ. ಯಾವ ಸೊಪ್ಪು, ಎಷ್ಟು ಹೊತ್ತು ಅನ್ನೋದನ್ನ ಇಲ್ಲಿ ಬರೆಯಲ್ಲ.

ಮಂಡಿ ಮಡಚಿ ಕೂತ ಹೆಂಗಸಿನ ಶಿಲ್ಪ ಒಂದಿದೆ. ಮುಖ ಸಪಾಟು, ಕಣ್ಣು ಬಾಯಿ ಇಲ್ಲ. ಬೆನ್ನಿಂದ ಕೈ ಹಾಕಿದರೆ ಹೊಟ್ಟೆಯಲ್ಲಿ ನುಣುಪು. ಎದೆಗೆ ಬಂದಂತೆ ಉಳಿ ಗುರುತು ಒರಟಾಗುತ್ತ, ಒಂದರ ಮೇಲೊಂದು ಏರುತ್ತ, ಗಂಟಲಲ್ಲಿ ಜಾಗ ಕಿರುಬೆರಳಷ್ಟಕ್ಕೆ ಇಕ್ಕಟ್ಟಾಗುತ್ತದೆ. ಕೈ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನೋಡುವವರು ಸುಮ್ನೆ ಮುಟ್ಟಲಿ ಅಂತಲೇ ಬೆನ್ನನ್ನು ಬಾಗಿಲ ಕಡೆ ತಿರುಗಿಸಿ ಇಡುತ್ತೇನೆ. ಇಂಥ ಕೆಲಸ ಈ ಭಾಗದಲ್ಲಿ ಇನ್ನೊಬ್ಬರು ಮಾಡಿದ್ದು ನಾನು ನೋಡಿಲ್ಲ.

ಅದು ಸುಮಾರು 60 ಸಾವಿರಕ್ಕೆ ಹೋಯಿತು. ಗ್ಯಾಲರಿ ಪಾಲು ಕಳೆದು ಕೈಗೆ 38 ಬಂತು. ಮರ, ಕೂಲಿ, ಬ್ಲೇಡ್, ಸಾಗಾಣಿಕೆ ಸೇರಿ ಖರ್ಚು 11–12 ಸಾವಿರ.

ನಡುವೆ ಕರಿಜಾಲಿಯಲ್ಲೂ ಇದನ್ನೇ ಮಾಡಿ ನೋಡಿದೆ. ಗೌಜಿನ ಬಾಯಿ ಗಂಟೆಗೊಮ್ಮೆ ಮುರುಕಾಯಿತು, ಆದರೆ ಚೇಗಿನ (ಗಟ್ಟಿ ಒಳಮರದ) ಆ ಕೆಂಗಪ್ಪು ಬೇವಿನಲ್ಲಿ ಬರುವುದೇ ಇಲ್ಲ. ಸಿಟ್ಟಿನ ಶಿಲ್ಪಕ್ಕೆ ಅದೇ ಮರ ಬೇಕು. ಒಳ್ಳೆ ಸ್ಟೀಲಿನ ಎರಡು ಗೌಜಿಗೆ 7 ಸಾವಿರ ತೆಗೆದಿಟ್ಟಿದ್ದೇನೆ. ದಿಮ್ಮಿಗೆ ಮುಧೋಳದ ರೈತರೊಬ್ಬರ ಹತ್ತಿರ ಮಾತಾಡಿದ್ದಾಗಿದೆ, ಈ ಸಲದ ಮಿರಗಕ್ಕೆ ಬರುತ್ತದೆ.