ಇಂಗ್ಲಿಷ್ ಧ್ವನಿ ಗುರುತಿಸಲು ಮೂರು ಪ್ರಶ್ನೆ

ಇಂಗ್ಲಿಷಿನಲ್ಲಿ ಅಕ್ಷರ 26, ಧ್ವನಿ 44. ಬ್ರಿಟಿಷ್ ಶಿಷ್ಟ ಉಚ್ಚಾರಣೆಯ ಲೆಕ್ಕದಲ್ಲಿ 24 ವ್ಯಂಜನ, 20 ಸ್ವರ. ಪರೀಕ್ಷೆ ಹತ್ತಿರ ಬಂದಾಗ ಇವುಗಳ ಪಟ್ಟಿಯನ್ನು ಬಾಯಿಪಾಠ ಮಾಡುವವರೇ ಹೆಚ್ಚು. ಅಷ್ಟು ಕಷ್ಟ ಬೇಕಿಲ್ಲ. ಒಂದನೇ ತರಗತಿಯಲ್ಲಿ ಕಲಿತ ಕ-ಚ-ಟ-ತ-ಪ ವರ್ಗಗಳಲ್ಲೇ ಅರ್ಧ ಪಟ್ಟಿ ಇದೆ: ಒಂದೊಂದು ಸಾಲಿಗೆ ಬಾಯಿಯ ಒಂದೊಂದು ಜಾಗ, ಹಿಂದಿನಿಂದ ತುಟಿಯವರೆಗೆ.

ಒಂದು ಕೈಗನ್ನಡಿ, ಬೆರಳಗಲದ ಟಿಶ್ಯೂ ಪಟ್ಟಿ ತೆಗೆದಿಟ್ಟುಕೊಳ್ಳಿ.

ಗಂಟಲು ಅದುರುತ್ತದೆಯೇ?

ಗಂಟಲ ಮೇಲೆ ಬೆರಳಿಟ್ಟು ‘ಸ್ಸ್ಸ್’ ಎಂದು ಎಳೆಯಿರಿ. ಅದುರುವುದಿಲ್ಲ, ಆದ್ದರಿಂದ ಅಘೋಷ. ನಾಲಿಗೆ ಕದಲಿಸದೆ ಅಲ್ಲಿಗೇ ದನಿ ಸೇರಿಸಿದರೆ ದುಂಬಿಯ ಹಾಗೆ ಮೊರೆಯುತ್ತದೆ, ಅದು ಘೋಷ. ಮೃಗಾಲಯದ ‘ಜೂ’ ಶುರುವಾಗಬೇಕಾದದ್ದು ಹೀಗೆ. ನಾಲಿಗೆ ಅಂಗುಳಕ್ಕೆ ಒತ್ತಿತೋ, ಅದು ನಮ್ಮ ಜಾತ್ರೆಯ ‘ಜ’ ಆಗಿಬಿಡುತ್ತದೆ. ‘ಶ್ಶ್’ಗೆ ದನಿ ಸೇರಿಸಿದರೆ ‘ಮೆಷರ್’ ಪದದ ನಡುವಿನ ಧ್ವನಿ. 24 ವ್ಯಂಜನಗಳಲ್ಲಿ 9 ಅಘೋಷ, 15 ಘೋಷ.

ಗಾಳಿಗೆ ತಡೆ ಎಲ್ಲಿ?

ನಮ್ಮವರು ಹೆಚ್ಚು ಎಡವುವುದು ಇಲ್ಲೇ. ಇಂಗ್ಲಿಷಿನ ‘ಟ’, ‘ಡ’ ನಮ್ಮ ಮೂರ್ಧನ್ಯಗಳಲ್ಲ. ‘ಆಟ’ ಎನ್ನುವಾಗ ನಾಲಿಗೆಯ ತುದಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ‘ಟೇಬಲ್’ಗೆ ಅದು ಮೇಲಿನ ಹಲ್ಲುಗಳ ಹಿಂದಿನ ಒಸಡಿನ ಉಬ್ಬಿಗೆ ತಾಗಬೇಕು. ಆ ಜಾಗ ಸಿಗದಿದ್ದರೆ ‘ಲ’ ಎಂದು ನಾಲಿಗೆಯನ್ನು ಅಲ್ಲೇ ನಿಲ್ಲಿಸಿ. ವರ್ಗಗಳ ಪಟ್ಟಿಯಲ್ಲಿ ಟವರ್ಗಕ್ಕೂ ತವರ್ಗಕ್ಕೂ ನಡುವೆ ಈ ಹೊಸ ಸಾಲೊಂದನ್ನು ಬರೆದುಕೊಳ್ಳಿ: ವರ್ತ್ಸ್ಯ.

ನಮ್ಮ ‘ವ’ದಲ್ಲಿ ಹಲ್ಲು ತುಟಿಯ ಹತ್ತಿರ ಬರುತ್ತದೆ, ಉಜ್ಜುವುದಿಲ್ಲ. ಹಾಗಾಗಿ ಬಳ್ಳಿಯ ‘ವೈನ್’, ಕುಡಿಯುವ ‘ವೈನ್’ ಎರಡೂ ನಮ್ಮ ಬಾಯಲ್ಲಿ ಒಂದೇ. ಕನ್ನಡಿ ಹಿಡಿಯಿರಿ. ಬಳ್ಳಿಗಾದರೆ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗಾಳಿ ಉಜ್ಜಬೇಕು. ಕುಡಿಯುವುದಕ್ಕೆ ತುಟಿ ದುಂಡಗಾಗಬೇಕು, ಹಲ್ಲು ಕಾಣಲೇಬಾರದು.

ತಡೆ ಎಷ್ಟು?

ಪೂರ್ತಿ ಮುಚ್ಚಿ ಬಿಟ್ಟರೆ ಸ್ಪರ್ಶ (6), ಸಂದಿಯಲ್ಲಿ ಉಜ್ಜಿದರೆ ಘರ್ಷ (9), ಮುಚ್ಚಿ ಉಜ್ಜುತ್ತ ಬಿಟ್ಟರೆ ‘ಚ’, ‘ಜ’ (2), ಮೂಗಿನಿಂದ ಬಂದರೆ ಅನುನಾಸಿಕ (3), ನಾಲಿಗೆಯ ಪಕ್ಕದಿಂದ ಹರಿದರೆ ‘ಲ’ (1). ಉಜ್ಜದೆ ಜಾರುವವು ಉಳಿದ ಮೂರು: ‘ರ’, ‘ಯ’ ಮತ್ತು ದುಂಡುತುಟಿಯ ‘ವ’.

‘ಥಿಂಕ್’ ಪದದ ಮೊದಲ ಧ್ವನಿಯನ್ನು ಮೂರು ಸೆಕೆಂಡು ಎಳೆಯಲು ನೋಡಿ. ಎಳೆಯಲಾಗದಿದ್ದರೆ ನೀವು ನುಡಿದದ್ದು ನಮ್ಮ ‘ಥ’, ಅಂದರೆ ಸ್ಪರ್ಶ. ನಾಲಿಗೆಯ ತುದಿ ಹಲ್ಲಿನ ಅಂಚಿಗೆ ತಾಗಿಯೂ ತಾಗದಂತಿದ್ದು ಗಾಳಿ ಸೋರುತ್ತಲೇ ಇರಬೇಕು.

ಮೂರು ಉತ್ತರ ಸೇರಿಸಿದರೆ ಧ್ವನಿಯ ಹೆಸರು ಸಿದ್ಧ. ‘ಪ’: ಅಘೋಷ, ಓಷ್ಠ್ಯ (ತುಟಿಯದು), ಸ್ಪರ್ಶ. ಆದರೆ ಈ ಹೆಸರು ಹೇಳದ ಸಂಗತಿಯೂ ಒಂದಿದೆ. ಟಿಶ್ಯೂ ಪಟ್ಟಿಯನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿದು ‘ಪಿನ್’ ಎನ್ನಿ. ಪಟ್ಟಿ ಹಾರಬೇಕು, ಏಕೆಂದರೆ ಪದದಲ್ಲಿ ಒತ್ತಿ ನುಡಿಯುವ ಉಚ್ಚಾರಾಂಶದ ಮೊದಲಲ್ಲಿ ಇಂಗ್ಲಿಷರು ‘ಪ’, ‘ಟ’, ‘ಕ’ಗಳನ್ನು ಮಹಾಪ್ರಾಣ ಮಾಡುತ್ತಾರೆ. ‘ಸ್ಪಿನ್’ನಲ್ಲಿ ಹಾರಬಾರದು. ತುಳುವಿನ ಮಾತಿನಲ್ಲಿ ಮಹಾಪ್ರಾಣ ಇಲ್ಲದ ಕಾರಣ ಕರಾವಳಿಯವರ ‘ಪಿನ್’ ಇಂಗ್ಲಿಷರ ಕಿವಿಗೆ ಕೆಲವೊಮ್ಮೆ ‘ಬಿನ್’ ಎಂದೇ ಕೇಳುತ್ತದೆ.

ಸ್ವರಗಳ ವಿಚಾರ ಬೇರೆ, ಅಲ್ಲಿ ತಡೆಯೇ ಇಲ್ಲ. ನಾಲಿಗೆ ಎಷ್ಟು ಎತ್ತರ, ಅದರ ಮುಂಭಾಗವೋ ಹಿಂಭಾಗವೋ, ತುಟಿ ದುಂಡೋ ಅಲ್ಲವೋ ಎಂದು ನೋಡಬೇಕು. ‘ಈ’ ಎಂದು ‘ಊ’ ಎನ್ನಿ, ಮೂರರಲ್ಲಿ ಎರಡು ಬದಲಾಗುವುದು ತಿಳಿಯುತ್ತದೆ. ‘ಕ್ಯಾಟ್’ನ ಸ್ವರಕ್ಕೆ ತುಳುವರು ಹೆಚ್ಚು ಹೆಣಗಬೇಕಿಲ್ಲ. ‘ಯಾನ್ ಬರ್ಪೆ’ (ನಾನು ಬರುತ್ತೇನೆ), ‘ಆಯೆ ಬರ್ಪೆ’ (ಅವನು ಬರುತ್ತಾನೆ) ಎಂಬಲ್ಲಿ ‘ಬರ್ಪೆ’ ಬರಹದಲ್ಲಿ ಒಂದೇ ಆದರೂ ‘ಯಾನ್’ ಜೊತೆಗಿನ ಕೊನೆಯ ಸ್ವರಕ್ಕೆ ಬಾಯಿ ಹೆಚ್ಚು ತೆರೆಯುತ್ತದೆ. ಅದನ್ನು ಇನ್ನಷ್ಟು ತೆರೆದರೆ ಸಾಕು. ‘ಗೇಟ್’, ‘ಕೋಟ್’ಗಳಲ್ಲಿ ಮಾತ್ರ ಎಚ್ಚರ: ನಮ್ಮ ‘ಏ’, ‘ಓ’ ಕದಲದೆ ನಿಲ್ಲುತ್ತವೆ, ಇಂಗ್ಲಿಷಿನಲ್ಲಿ ಅವು ‘ಇ’, ‘ಉ’ಗಳ ಕಡೆ ಜಾರುತ್ತವೆ.

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬರುವ ಸ್ವರಕ್ಕೆ ಅಕ್ಷರವೇ ಇಲ್ಲ. ನಾಲಿಗೆ ನಡುವೆ ಸಡಿಲವಾಗಿ ಬಿದ್ದಿರುವಾಗ ಹೊರಡುವ ಮೋಟು ‘ಅ’ ಅದು. ‘ಬನಾನಾ’ದ ಮೊದಲ ಮತ್ತು ಕೊನೆಯ ಸ್ವರ ಇದೇ, ‘ಆ’ ಎಂದು ಎಳೆಯುವುದು ನಡುವಿನದನ್ನು ಮಾತ್ರ.